ಬಲಗಾಲಿನ ಬ್ಯಾಂಡು

ಏಕನಾಥಮ್ಮನನ್ನು ಹಿರಿಯೂರಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಸಂಗೀತದ ಟೀಚರಾಗಿ ತೆಗೆದುಕೊಂಡದ್ದು ಎರಡೇ ಕೆಲಸಕ್ಕೆ. ಬೆಳಗಿನ ಪ್ರಾರ್ಥನೆ ಹಾಡಿಸಬೇಕು. ದೊಡ್ಡವರು ಯಾರಾದರೂ ಬಂದರೆ ಸ್ವಾಗತಗೀತೆ ಹಾಡಿಸಬೇಕು. ಉಳಿದ ಹೊತ್ತು ರಜೆ ಹಾಕಿದ ಟೀಚರುಗಳ ಕ್ಲಾಸಿನಲ್ಲಿ ಹುಡುಗಿಯರು ಗಲಾಟೆ ಮಾಡದಂತೆ ಕೂತಿರಬೇಕು. ಬ್ಯಾಂಡಿನ ಮಾತನ್ನು ಯಾರೂ ಎತ್ತಿರಲಿಲ್ಲ. ಅದನ್ನು ಅವಳೇ ಮೈಮೇಲೆ ಎಳೆದುಕೊಂಡಳು.

ಅವಳು ಮಾತು ಕಮ್ಮಿಯ ಹೆಣ್ಣು. ಸ್ಟಾಫ್‌ರೂಮಿನಲ್ಲಿ ಬಾಗಿಲ ಮರೆಯ ಕುರ್ಚಿ ಹಿಡಿದು ಕೂತರೆ ಬೆಲ್ಲು ಹೊಡೆಯುವವರೆಗೆ ಅವಳಿರುವುದೇ ಯಾರಿಗೂ ತಿಳಿಯುತ್ತಿರಲಿಲ್ಲ. ಬಿ.ಎ. ಆಗಿತ್ತು, ಸಂಗೀತದಲ್ಲಿ ಸೀನಿಯರ್ ಪಾಸಾಗಿತ್ತು. ಆದರೂ ಜನರ ಬಾಯಲ್ಲಿ ಅವಳು ಚಿತ್ರದುರ್ಗದ ಬ್ಯಾಂಡ್‌ಸೆಟ್ ಚಿತ್ತಪ್ಪನ ಮಗಳು. ಅಪ್ಪ ಮದುವೆ ಮೆರವಣಿಗೆಗಳಲ್ಲಿ ಕ್ಲಾರಿಯೊನೆಟ್ ಊದುವವನು. ಚಿಕ್ಕವಳಿದ್ದಾಗ ಅವನ ಕೆಂಪು ಕೋಟಿನ ತುದಿ ಹಿಡಿದು ಊರೂರು ಸುತ್ತಿದ್ದಳು. ಯಾವ ರಾಗ ಎಲ್ಲಿ ತಿರುಗುತ್ತದೆ, ಡ್ರಮ್ಮಿನವನು ಎಲ್ಲಿ ಕೈ ತಡೆಯುತ್ತಾನೆ ಎಂಬುದೆಲ್ಲ ಅವಳಿಗೆ ಪರೀಕ್ಷೆಗೆ ಕೂರುವ ಮೊದಲೇ ಗೊತ್ತಿತ್ತು.

ಒಂದು ದಿನ ಸ್ಟೋರ್‌ರೂಮಿನಲ್ಲಿ ಹಾರ್ಮೋನಿಯಂ ಹುಡುಕುತ್ತಿದ್ದಾಗ ಮುರಿದ ಬೆಂಚುಗಳ ಅಡಿಯಲ್ಲಿ ಒಂದು ಬ್ಯಾಂಡೇ ಸಿಕ್ಕಿತು. ಧೂಳು ಹಿಡಿದ ಸೈಡ್ ಡ್ರಮ್ಮುಗಳು, ಕಂಚಿನ ತಾಳ, ಬಿದಿರಿನ ಕೊಳಲುಗಳು, ಮೂತಿ ಸೊಟ್ಟಗಾದ ಒಂದು ಬ್ಯೂಗಲ್. ಎಲ್ಲಕ್ಕೂ ದೊಡ್ಡದಾದ ಡ್ರಮ್ಮಿನ ತೊಗಲನ್ನು ಎರಡೂ ಮಗ್ಗುಲು ಇಲಿ ತಿಂದುಹಾಕಿತ್ತು. ಸ್ಕೂಲಿನ ಕಮಿಟಿಯವರು ಹಿಂದೆ ಗಂಡುಹುಡುಗರ ಸ್ಕೂಲೊಂದನ್ನು ನಡೆಸುತ್ತಿದ್ದಾಗಿನ ಸಾಮಾನು ಅದು.

ಹೆಡ್‌ಮಾಸ್ಟರರ ಹೆಸರು ಉಗ್ರಪ್ಪ. ಹೆಸರಿಗಷ್ಟೇ ಉಗ್ರ, ಕಮಿಟಿ ಸೆಕ್ರೆಟರಿಯವರ ಕಾರಿನ ಸದ್ದು ಕೇಳಿದರೆ ಸಾಕು, ಕೋಟಿನ ಗುಂಡಿ ತಡಕಾಡುವ ಮನುಷ್ಯ.

"ಬ್ಯಾಂಡಾ?" ಎಂದರು. "ಹೆಣ್ಣುಡುಗ್ರು ಡ್ರಮ್ಮು ನೇತಾಕ್ಕೊಂಡು ರಸ್ತೆಗೆ ಇಳಿಯೋದಾ? ಸ್ವಾಗತಗೀತೆ ಚೆನ್ನಾಗೇ ಹಾಡಿಸ್ತಿದ್ದೀಯಲ್ಲಮ್ಮ, ಅದಕ್ಕೇನಾತು?"

"ಅದನ್ನೂ ಹಾಡಿಸ್ತೀನಿ ಸಾರ್," ಎಂದಳು ಏಕನಾಥಮ್ಮ, ನೆಲ ನೋಡುತ್ತ. "ಸಾಮಾನು ಹೆಂಗೂ ಅವೆ. ಇಲಿ ತಿನ್ನೋ ಬದಲು ಹುಡುಗೀರು ಬಾರಿಸ್ಲಿ."

ನೆಲ ನೋಡಿಕೊಂಡು ಹೇಳಿದ ಮಾತಾದ್ದರಿಂದ ಉಗ್ರಪ್ಪನವರಿಗೆ ಅದರಲ್ಲಿನ ಹಟ ಕಾಣಲಿಲ್ಲ. ಹೂಂ ಅಂದುಬಿಟ್ಟರು.

ಸಂಜೆ ಬೆಲ್ಲಾದ ಮೇಲೆ ಪ್ರಾಕ್ಟೀಸು. ಹುಡುಗಿಯರು ಹಲ್ಲುಕಚ್ಚಿ ಕಲಿತರು. ದೊಡ್ಡ ಡ್ರಮ್ಮಿಗೆ ಏಕನಾಥಮ್ಮನ ಕಣ್ಣು ಬಿದ್ದದ್ದು ಒಂಬತ್ತನೇ ಕ್ಲಾಸಿನ ಕೆಂಚಕ್ಕನ ಮೇಲೆ. ಹರಿಯಬ್ಬೆ ಕಡೆಯ ಕುರಿ ಸಾಕುವವರ ಮನೆಯ ಹುಡುಗಿ. ಗಟ್ಟಿ ಹೆಗಲು, ಅದಕ್ಕಿಂತ ಗಟ್ಟಿ ಬಾಯಿ. ಅವಳ ತಾತ ಪಾಲಣ್ಣ ದೇವರ ಮುಂದೆ ಡೊಳ್ಳು ಬಾರಿಸುವವನಂತೆ. ತೊಗಲು ಹದ ಮಾಡಿ ಡೊಳ್ಳು ಕಟ್ಟುವುದರಲ್ಲೂ ಅವನದೇ ಕೈಯಂತೆ.

"ತಾತ ತೊಗಲು ಹಾಕ್ಕೊಡ್ತಾನೆ ಟೀಚರ್. ಆದ್ರೆ ಮೊದ್ಲು ಬಯ್ತಾನೆ."

"ಬಯ್ಯಲಿ ಬಿಡೆ. ಹೋಗಾಣ."

ಭಾನುವಾರ ಡ್ರಮ್ಮಿನ ಬರೀ ಚೌಕಟ್ಟನ್ನು ಬಸ್ಸಿಗೇರಿಸಿಕೊಂಡು ಹೊರಟರು. ಕಂಡಕ್ಟರು ಅದರೊಳಗೆ ತಲೆ ತೂರಿಸಿ, "ಇದಕ್ಕೆ ಅರ್ಧ ಟಿಕೀಟೋ ಪೂರ್ತಿನೋ?" ಎಂದ. ಕೆಂಚಕ್ಕ, "ತೊಡೆ ಮ್ಯಾಲೆ ಕುಂತ ಮಗೀಗೆ ಯಾವ ಟಿಕೀಟ್ರಿ?" ಎಂದು ಅವನ ಬಾಯಿ ಮುಚ್ಚಿಸಿದಳು.

ಪಾಲಣ್ಣ ಕುರಿರೊಪ್ಪದ ಪಕ್ಕ ಹಗ್ಗ ಹೊಸೆಯುತ್ತ ಕೂತಿದ್ದ. ಕಣ್ಣು ಮಂಜಾಗಿತ್ತು, ದನಿ ಆಗಿರಲಿಲ್ಲ.

"ಬರ್ರಿ ಅಮ್ಮಾರೆ, ಕುಂತ್ಕಳ್ರಿ," ಎಂದವನು, ವಿಷಯ ತಿಳಿದ ಕೂಡಲೇ ಮೊಮ್ಮಗಳ ಕಡೆ ತಿರುಗಿದ. "ಹೆಣ್ಣುಡುಗಿ ಡೊಳ್ಳು ಬಾರಿಸ್ತಾಳಂತೆ! ನಿಮ್ಮವ್ವ ಕೇಳಿದ್ರೆ ಕೊಳ್ಳಿ ತಗಂಡು ಬರ್ತಾಳೆ ನೋಡು."

"ಡೊಳ್ಳಲ್ಲ ತಾತ, ಡ್ರಮ್ಮು."

"ನಾನು ತೊಗಲು ಹಾಕಿದ ಮ್ಯಾಲೆ ಅದೂ ಡೊಳ್ಳೇ ಕಣೇ. ಹೆಸರು ಇಂಗ್ಲೀಷಿಂದಾದ್ರೆ ಸದ್ದು ಬ್ಯಾರೆ ಬರ್ತದಾ?"

ಬಯ್ಯುತ್ತಲೇ ಒಪ್ಪಿಕೊಂಡ. ಒಂದು ಮಗ್ಗುಲಿಗೆ ಹೋತದ ತೊಗಲು, ಇನ್ನೊಂದಕ್ಕೆ ಟಗರಿನದು. ಮುಂದಿನ ಭಾನುವಾರ ಇವರು ಹೋಗುವಷ್ಟರಲ್ಲಿ ಡ್ರಮ್ಮು ಸಿದ್ಧವಾಗಿ ಕರಿ ಕಂಬಳಿಯ ಮೇಲೆ ಕೂತಿತ್ತು. ಮೈಗೆಲ್ಲ ಭಂಡಾರದ ಅರಿಸಿನ ಮೆತ್ತಿತ್ತು. ಪಾಲಣ್ಣ ಕಾಯಿ ಒಡೆದು, ಕೈಮುಗಿದು, ಏಕನಾಥಮ್ಮನಿಗೆ ಹೇಳಿದ:

"ಒಂದು ಮಾತು ನಡೆಸಿಕೊಡಬೇಕು ಅಮ್ಮಾರೆ. ಪೂಜೆ ಕಂಡ ವಾದ್ಯ ಇದು. ಬರೀ ನೆಲಕ್ಕೆ ಇಳಿಸಂಗಿಲ್ಲ. ಹೆಗಲಿಗೆ ಏರಿಸಿದ ಮ್ಯಾಲೆ ಬಲಗಾಲೇ ಮುಂದೆ. ಇದನ್ನ ಹೊತ್ತೋಳಷ್ಟೇ ಅಲ್ಲ, ಇದರ ಸದ್ದಿಗೆ ಜತೆ ನಡೆಯೋ ಮ್ಯಾಳದೋರೆಲ್ಲ. ಎಡಗಾಲು ಎತ್ತಿದ್ರೋ, ಹಿರಿಯೂರಿಗೇ ಬಂದು ತೊಗಲು ಕಿತ್ಕಂಡು ಹೋಗ್ತೀನಿ."

ಏಕನಾಥಮ್ಮನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಮದುಮಗಳು ಹೊಸಿಲು ದಾಟುವುದು ಬಲಗಾಲಿಟ್ಟೇ. ಹೊಸ ಮನೆಗೆ ಹೋಗುವುದೂ ಹಾಗೆಯೇ. "ಆಗಲಿ ತಾತ, ಮಾತು ಕೊಟ್ಟೆ," ಎಂದುಬಿಟ್ಟಳು. ಮದುವೆ ಬ್ಯಾಂಡಿನ ಜೊತೆ ನಡೆದು ಬೆಳೆದವಳು ಅವಳು. ಅಲ್ಲಿ ಯಾರು ಯಾವ ಕಾಲು ಹಾಕುತ್ತಾರೆಂದು ಕೇಳುವವರಿಲ್ಲ. ಸ್ಕೂಲಿನಲ್ಲಿ ಡ್ರಿಲ್ ಮೇಷ್ಟರ ಜಾಗ ಖಾಲಿ ಬಿದ್ದಿತ್ತು, ತಿದ್ದುವವರೂ ಇರಲಿಲ್ಲ. ಹೀಗಾಗಿ ಇಡೀ ಬ್ಯಾಂಡು ಬಲಗಾಲಿನಲ್ಲೇ ನಡೆಯಲು ಕಲಿಯಿತು. ದೊಡ್ಡ ಡ್ರಮ್ಮು ಧಂ ಎಂದಾಗ ಬಲಗಾಲು ನೆಲ ಮುಟ್ಟಬೇಕು, ಅಷ್ಟೇ.

ನಾಡಿಗೆ ಕರ್ನಾಟಕವೆಂಬ ಹೆಸರು ಬಂದ ಹೊಸತು. ಸ್ಕೂಲಿನ ಬೋರ್ಡಿನಲ್ಲಿ 'ಮೈಸೂರು ರಾಜ್ಯ'ದ ಮೇಲೆ ಬಳಿದ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಆ ಸಲದ ಗಣರಾಜ್ಯೋತ್ಸವ ಚಿತ್ರದುರ್ಗದಲ್ಲಿ ಭಾರೀ ಆಗಬೇಕೆಂದು ಪೆರೇಡಿಗೆ ಎಲ್ಲ ತಾಲ್ಲೂಕಿನ ಸ್ಕೂಲುಗಳನ್ನೂ ಕರೆದರು. ಮೆರವಣಿಗೆ ಉದ್ದವಾದ್ದರಿಂದ ಮುಂದಿನ ಬ್ಯಾಂಡಿನ ಸದ್ದು ಹಿಂದಿನವರಿಗೆ ಕೇಳುವುದಿಲ್ಲ. ಗಂಡುಹುಡುಗರ ಸಾಲು ಮುಗಿದು ಹೆಣ್ಣುಹುಡುಗಿಯರ ಸಾಲು ಶುರುವಾಗುವಲ್ಲಿ ಇನ್ನೊಂದು ಬ್ಯಾಂಡು ಬೇಕು. ಆ ಜಾಗ ಏಕನಾಥಮ್ಮನ ಹುಡುಗಿಯರಿಗೆ ಸಿಕ್ಕಿತು. ಸುದ್ದಿ ಕೇಳಿ ಉಗ್ರಪ್ಪನವರು ಹೊಸ ಟೈ ಕಟ್ಟಿಕೊಂಡು ಬಂದರು.

ಎರಡು ದಿನ ಮೊದಲು ದುರ್ಗದ ಮೈದಾನದಲ್ಲಿ ರಿಹರ್ಸಲ್. ಪೆರೇಡಿನ ಉಸ್ತುವಾರಿ ಗೋವಿಂದಪ್ಪ ಎಂಬವರದು. ಮಿಲಿಟರಿಯಲ್ಲಿದ್ದು ಬಂದು ಡ್ರಿಲ್ ಮೇಷ್ಟರಾದವರು, ಕಂಕುಳಲ್ಲಿ ಬೆತ್ತ. ಬ್ಯಾಂಡು ಅವರ ಮುಂದೆ ಹಾದುಹೋಗುತ್ತಿದ್ದಂತೆ ಬೆತ್ತ ಮೇಲೆದ್ದಿತು.

"ಹಾಲ್ಟ್! ಏನಮ್ಮ ಇದು? ಯಾವ ಕಾಲು ಇದು?"

"ಬಲಗಾಲು ಸರ್," ಎಂದಳು ಏಕನಾಥಮ್ಮ.

"ಡ್ರಮ್ಮಿನ ಪೆಟ್ಟಿಗೆ ಎಡಗಾಲು ಊರಬೇಕು. ಮಾರ್ಚ್ ಶುರುವಾಗೋದೇ ಎಡಗಾಲಿಂದ. ಒಂದನೇ ಕ್ಲಾಸಿನ ಹುಡುಗನ್ನ ಕೇಳ್ರಿ, ಹೇಳ್ತಾನೆ. ನೀವು ಎಲ್ಲಿ ಕಲಿತಿದ್ದು ಡ್ರಿಲ್ಲು?"

ಅವಳ ಕಿವಿ ಬಿಸಿಯಾಯಿತು. "ಕಲಿತಿಲ್ಲ ಸರ್. ನನಗೆ ಗೊತ್ತಿರಲಿಲ್ಲ."

"ಕುರಿ ಕಾಯೋ ನಮ್ಮ ತಾತ ಹೇಳ್ಯಾನೆ ಸಾ," ಎಂದು ಕೆಂಚಕ್ಕ ಬಾಯಿ ಹಾಕಿದಳು. "ಈ ಡ್ರಮ್ಮು ಹೆಗಲ ಮ್ಯಾಲಿದ್ರೆ ಬಲಗಾಲೇ ಇಡಬೇಕಂತೆ."

ಗೋವಿಂದಪ್ಪ ಸುತ್ತ ನೋಡಿ ನಕ್ಕರು. "ಕೇಳಿದ್ರೇನ್ರೋ? ಕುರಿ ಕಾಯೋನು ರೂಲ್ಸ್ ಮಾಡ್ಯಾನಂತೆ ಪೆರೇಡಿಗೆ!" ಹುಡುಗರ ಸಾಲು ಕಿಸಕ್ಕೆಂದಿತು. ಆಮೇಲೆ ಏಕನಾಥಮ್ಮನ ಮುಖವನ್ನೇ ದಿಟ್ಟಿಸಿ, "ನೀವು ಚಿತ್ತಪ್ಪನ ಮಗಳಲ್ವಾ? ನಮ್ಮಣ್ಣನ ಮಗನ ಮದುವೇಲಿ ಊದಿದ್ದ. ಹಂಗಂದ್ಮೇಲೆ ಸರಿಹೋತು. ಇದು ಮದುವೆ ಮೆರವಣಿಗೆ ಅಲ್ಲಮ್ಮ. ಆ ಹುಡುಗಿನೂ ಆ ಡ್ರಮ್ಮೂ ಊರಲ್ಲೇ ಇರ್ಲಿ. ಹುಡುಗರ ಸ್ಕೂಲಿನ ಡ್ರಮ್ ಕೊಡ್ತೀನಿ, ಬೇರೆ ಯಾರಿಗಾದ್ರೂ ಹಾಕ್ರಿ. ಎಡಗಾಲು. ಇಲ್ಲಾಂದ್ರೆ ನಿಮ್ಮ ಬ್ಯಾಂಡೇ ಬೇಡ," ಎಂದರು.

ಏಕನಾಥಮ್ಮ ಆಗ ಹಿಂದಿನ ಸಾಲಿನತ್ತ ನೋಡಿದಳು. ಅವಳ ಡ್ರಮ್ಮಿಗೆ ಹೆಜ್ಜೆ ಹಾಕಿಕೊಂಡು ಬಂದ ಬೇರೆ ಸ್ಕೂಲಿನ ಹುಡುಗಿಯರು ಎಡಗಾಲಿನಲ್ಲೇ ಬಂದಿದ್ದರು, ಒಬ್ಬಳೂ ತಪ್ಪಿರಲಿಲ್ಲ. ಧಂ ಎಂದಾಗ ಇವರು ಬಲ ಊರಿದ್ದರು, ಅವರು ಎಡ ಊರಿದ್ದರು, ಅಷ್ಟೆ. ಪೆಟ್ಟು ಒಂದೇ. ಸದ್ದಿಗೆ ಎಡಬಲವೆಲ್ಲಿಯದು? ಹೇಳಬೇಕೆಂದು ಬಾಯಿ ತೆರೆದಳು. ಎಂದಿನಂತೆ ನೆಲ ನೋಡಿ ಮುಚ್ಚಿಕೊಂಡಳು.

ಮೈದಾನದ ಅಂಚಿನಲ್ಲಿ ಉಗ್ರಪ್ಪನವರು ಅವಳನ್ನು ಹಿಡಿದರು. "ಏನಮ್ಮ ತಾಯಿ, ಒಂದು ಕಾಲಿನ ವಿಷಯ! ಎಡವೋ ಬಲವೋ, ಎರಡೂ ನಿಂದೇ ಕಾಲಲ್ವಾ? ಮುಂದಿನ ತಿಂಗಳು ಕಮಿಟಿಯೋರು ನಿನ್ನ ಕೆಲಸ ಪರ್ಮನೆಂಟ್ ಮಾಡಬೇಕೋ ಬೇಡವೋ ಅಂತ ಕೂರ್ತಾರೆ. ಗೋವಿಂದಪ್ಪನೋರು ಸೆಕ್ರೆಟರಿಗೆ ಬೀಗರು ಬೇರೆ. ನಾನು ಹೇಳೋದು ತಿಳೀತಾ?"

ತಿಳಿಯಿತು. ತಿಳಿಯದೇ ಹೋಗುವಂಥ ಮಾತೇನೂ ಅಲ್ಲ ಅದು.

ಹಿರಿಯೂರಿಗೆ ಮರಳುವ ಬಸ್ಸಿನಲ್ಲಿ ಡ್ರಮ್ಮನ್ನು ತೊಡೆಯ ಮೇಲಿಟ್ಟುಕೊಂಡ ಕೆಂಚಕ್ಕ ಮೊದಲ ಸಲ ಮೆಲ್ಲಗೆ ಮಾತಾಡಿದಳು. "ಎಡಗಾಲೇ ಇಟ್ಟುಬಿಡ್ತೀನಿ ಬಿಡ್ರಿ ಟೀಚರ್. ಆ ಸಾಹೇಬ್ರಿಗೆ ಹೇಳ್ರಿ, ಇದೇ ಡ್ರಮ್ಮು ಇಟ್ಕಳಾಣ. ತಾತ ಏನು ದುರ್ಗಕ್ಕೆ ಬರ್ತಾನಾ? ಬಂದ್ರೂ ಅವನಿಗೆ ಕಣ್ಣು ಕಾಣಕಿಲ್ಲ."

ಸುಲಭದ ದಾರಿ. ಹುಡುಗಿಯೇ ತೆರೆದುಕೊಟ್ಟದ್ದು. ಏಕನಾಥಮ್ಮ ಕಿಟಕಿಯಾಚೆ ನೋಡಿದಳು. ಬಯಲು, ಕುರಿಮಂದೆ, ಮತ್ತೆ ಬಯಲು. ಅವಳಿಗೆ ನೆನಪಾದದ್ದು ಅಪ್ಪನ ಟೋಪಿ. ಜರಿ ಅಂಚಿನ ಬ್ಯಾಂಡಿನ ಟೋಪಿ. ಒಂದು ಮದುವೆಯಲ್ಲಿ ಯಾರೋ ಹಿರಿಯರು, "ದೊಡ್ಡವರು ಬರೋ ಹೊತ್ತು, ಅದನ್ನ ತೆಗಿಯೋ," ಎಂದಿದ್ದರು. ತೆಗೆದಿದ್ದ. ಮನೆಗೆ ಬಂದು, "ಹೇಳಿದಂಗೆ ಕೇಳಿದ್ರೆ ಮುಂದಿನ ಮದುವೆಗೂ ಕರೀತಾರಮ್ಮ," ಎಂದಿದ್ದ. ಕರೆದರು, ನಿಜ. ಮುಂದಿನ ಸಲ ಚಪ್ಪಲಿ ತೆಗೆಸಿದರು. ಅದರ ಮುಂದಿನ ಸಲ, ಚಪ್ಪರದ ಹೊರಗೆ ನಿಂತು ಊದು ಎಂದರು. ಕಡೆಗೆ ಊಟದ ಎಲೆಯೂ ಹಿತ್ತಲಿಗೆ ಹೋಯಿತು. ಒಂದೊಂದೂ ಸಣ್ಣದೇ. ಯಾವುದಕ್ಕೂ ಜಗಳ ಆಡುವ ಹಾಗಿರಲಿಲ್ಲ. ಹಾಗೆ ಸಣ್ಣ ಸಣ್ಣದಾಗಿಯೇ ಅಪ್ಪ ಗೋಡೆಗೆ ಅಂಟಿಕೊಂಡು ನಡೆಯುವ ಮನುಷ್ಯನಾಗಿಬಿಟ್ಟಿದ್ದ. ಬಾಗಿಲ ಮರೆಯ ಕುರ್ಚಿ ಹಿಡಿಯುವುದನ್ನು ಅವಳು ಕಲಿತದ್ದೂ ಅವನಿಂದಲೇ.

"ಮಾತು ಕೊಟ್ಟೋಳು ನಾನು ಕಣೇ, ನೀನಲ್ಲ," ಎಂದಳು ಕೆಂಚಕ್ಕನಿಗೆ. "ನಿಮ್ಮ ತಾತನಿಗೆ ಕಣ್ಣು ಕಾಣಲ್ಲ. ನನಗೆ ಕಾಣ್ತದಲ್ಲ."

ಆಮೇಲೆ ಸೀಟಿನಿಂದ ಎದ್ದು, ಕಂಬಿ ಹಿಡಿದು, ಹುಡುಗಿಯರಿಗೆಲ್ಲ ಕೇಳುವಂತೆ ಹೇಳಿದಳು: "ನಾಡಿದ್ದು ನಾವು ಹೋಗ್ತೀವಿ. ಇದೇ ಡ್ರಮ್ಮು, ಇದೇ ಕೆಂಚಕ್ಕ, ಇದೇ ಕಾಲು. ಯಾರಿಗೆ ಭಯ ಐತೋ ಅವರು ಬರೋದು ಬ್ಯಾಡ. ನಾನೇನೂ ಅನ್ನಲ್ಲ."

ಹಿಂದಿನ ಸೀಟಿನಿಂದ ತಾಳದ ಓಬಕ್ಕ ಕೇಳಿದಳು, "ಅಲ್ಲಿಂದ ಓಡಿಸಿದ್ರೆ ಟೀಚರ್?"

"ಓಡಿಸ್ಲಿ. ಓಡೋವಾಗಲೂ ಬಲಗಾಲೇ ಮುಂದೆ."

ಹುಡುಗಿಯರು ಬಿದ್ದುಬಿದ್ದು ನಕ್ಕರು. ತಾನು ಇಷ್ಟು ಜನರನ್ನು ಒಟ್ಟಿಗೆ ನಗಿಸಿದ್ದು ಹುಟ್ಟಿದ ಮೇಲೆ ಇದೇ ಮೊದಲು ಎಂದು ಏಕನಾಥಮ್ಮನಿಗೆ ಹೊಳೆಯಿತು.

ಇಪ್ಪತ್ತಾರರ ಬೆಳಗ್ಗೆ ಜೋಗಿಮಟ್ಟಿ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು. ಬರದೆ ಉಳಿದವಳು ಒಬ್ಬಳೂ ಇಲ್ಲ. ಮೈದಾನದ ಹೊರಗಿನ ರಸ್ತೆಯಲ್ಲಿ ಸಾಲುಗಳು ನಿಲ್ಲುತ್ತಿದ್ದವು. ಗೋವಿಂದಪ್ಪ ಬಂದರು. ಡ್ರಮ್ಮು ನೋಡಿದರು.

"ಇದು ಬೇಡ ಅಂದಿದ್ನಲ್ಲ?"

"ಹೌದು ಸರ್. ಅಂದಿದ್ರಿ."

"ಮತ್ತೆ?"

"ತಂದಿದ್ದೀವಿ."

ಅವರ ಮೀಸೆ ಅದುರಿತು. ಅಷ್ಟರಲ್ಲಿ ಮುಖ್ಯ ಅತಿಥಿಗಳ ಜೀಪು ಬಂದಿತೆಂದು ಯಾರೋ ಕೂಗಿದರು. "ಸೈಡಿಗೆ! ಆ ಬೇವಿನ ಮರದ ಕೆಳಗೆ ನಿಂತ್ಕೊಳ್ರಿ. ಅಲ್ಲಿಂದ ಅಲ್ಲಾಡಿದ್ರೆ ನೋಡ್ಕೊಳ್ತೀನಿ," ಎಂದು ಬೆತ್ತ ತೋರಿಸಿ ಮುಂದಕ್ಕೆ ಓಡಿದರು. ಉಗ್ರಪ್ಪನವರು, "ಬಾರಮ್ಮ, ಬಾರಮ್ಮ," ಎನ್ನುತ್ತ ಹುಡುಗಿಯರನ್ನು ಕೋಳಿಮರಿ ಅಟ್ಟುವಂತೆ ಮರದಡಿಗೆ ಅಟ್ಟಿದರು.

ಮುಂದಿನ ಬ್ಯಾಂಡು ಶುರುವಾಯಿತು. ಗಂಡುಹುಡುಗರ ಸಾಲುಗಳು ಒಂದರ ಹಿಂದೊಂದು ಮೈದಾನದ ಗೇಟು ದಾಟಿದವು. ಕೊನೆಯ ಸಾಲೂ ದಾಟಿತು. ಅದರ ಹಿಂದೆ ಬ್ಯಾಂಡಿಗೆಂದು ಬಿಟ್ಟ ಖಾಲಿ ಜಾಗ. ಅದರಾಚೆ ಹೆಣ್ಣುಮಕ್ಕಳ ಸ್ಕೂಲುಗಳು ಕಾಯುತ್ತ ನಿಂತಿದ್ದವು. ಏಕನಾಥಮ್ಮ ಆ ಖಾಲಿ ಜಾಗವನ್ನು ನೋಡಿದಳು. ಅದು ಇನ್ಯಾರದೂ ಅಲ್ಲ. ಸಂಜೆ ಸಂಜೆ ಬೆರಳ ಗಂಟು ಒಡೆದುಕೊಂಡು ಈ ಹುಡುಗಿಯರೇ ಸಂಪಾದಿಸಿದ್ದು.

ಕೊರಳಲ್ಲಿದ್ದ ವಿಷಲ್ಲನ್ನು ಬಾಯಿಗಿಟ್ಟಳು. ಉಗ್ರಪ್ಪನವರು, "ಏಯ್, ಬ್ಯಾಡ ಕಣಮ್ಮ..." ಎಂದು ಕೈ ಚಾಚುವಷ್ಟರಲ್ಲಿ ಊದಿಬಿಟ್ಟಳು. ಮುಂದಿನ ಡ್ರಮ್ಮಿನ ಪೆಟ್ಟನ್ನು ದೂರದಿಂದಲೇ ಕಿವಿಯಲ್ಲಿ ಹಿಡಿದು, ತನ್ನದೆಂದು ತನಗೇ ನಂಬಿಕೆಯಾಗದ ದನಿಯಲ್ಲಿ ಕೂಗಿದಳು:

"ಬಲಗಾಲ್... ಮುಂದೆ!"

ಧಂ ಎಂದಿತು ಕೆಂಚಕ್ಕನ ಹೆಗಲು. ಹೋತದ ತೊಗಲಿನ ಆ ಸದ್ದು ಗಂಡುಹುಡುಗರ ಡ್ರಮ್ಮಿನ ಹಾಗಿರಲಿಲ್ಲ. ಎದೆಯೊಳಗೆ ಹೊಕ್ಕು ಕೂರುವಂಥದ್ದು. ಕೊಳಲುಗಳು ಎದ್ದವು, ಸೈಡ್ ಡ್ರಮ್ಮುಗಳು ಹಿಂದೆಯೇ ಬಂದವು. ಮರದ ಕೆಳಗಿನಿಂದ ಹೊರಟ ಬ್ಯಾಂಡು ತನ್ನ ಜಾಗಕ್ಕೆ ಸೇರಿ ಗೇಟಿನೊಳಗೆ ನಡೆಯಿತು. ಹಿಂದಿನ ಸ್ಕೂಲುಗಳು ಕಾದದ್ದೇ ಅದಕ್ಕೆಂಬಂತೆ ಎಡಗಾಲಿಟ್ಟು ಹೊರಟವು.

ವೇದಿಕೆಯ ಹತ್ತಿರ ಒಬ್ಬ ಹುಡುಗಿಯ ಕೈಯಿಂದ ಡ್ರಮ್ಮಿನ ಕಡ್ಡಿ ಜಾರಿ ಬಿತ್ತು. ಅವಳು ನಿಲ್ಲಲಿಲ್ಲ, ಒಂದೇ ಕಡ್ಡಿಯಲ್ಲಿ ಬಾರಿಸುತ್ತ ನಡೆದಳು. ಓಬಕ್ಕ ತಾಳವನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದಳು. ಅತಿಥಿಗಳು ಕೈ ಎತ್ತಿ ವಂದನೆ ಸ್ವೀಕರಿಸಿದರು. ಬಿದಿರಿನ ಬೇಲಿಯಾಚೆ ಒಬ್ಬ ಹೆಂಗಸು ಕಂಕುಳ ಕೂಸನ್ನು ಮೇಲೆತ್ತಿ, "ನೋಡೇ, ಹೆಣ್ಣುಡುಗ್ರು ಹೆಂಗೆ ಬಾರಿಸ್ತಾವೆ ನೋಡೇ!" ಎನ್ನುತ್ತಿದ್ದಳು. ಆ ಜನಸಾಗರದಲ್ಲಿ ಯಾರೂ ಅವರ ಕಾಲು ನೋಡಲಿಲ್ಲ. ನೋಡಿದವರು ಗೋವಿಂದಪ್ಪ ಒಬ್ಬರೇ. ವೇದಿಕೆಯ ಪಕ್ಕ ಸೆಟೆದು ನಿಂತು, ಏನೂ ಮಾಡಲಾಗದೆ, ಪ್ರತಿಯೊಂದು ಹೆಜ್ಜೆಯನ್ನೂ ನೋಡಿದರು.

ಎಲ್ಲ ಮುಗಿದು ಸಿಹಿ ಹಂಚುತ್ತಿದ್ದಾಗ ಬಂದರು. ಜೊತೆಗೆ ಉಗ್ರಪ್ಪನವರು, ಟೈ ಒಂದು ಕಡೆಗೆ ವಾಲಿತ್ತು.

"ಕ್ಷಮೆ ಕೇಳ್ರಿ," ಎಂದರು ಗೋವಿಂದಪ್ಪ. "ಇಲ್ಲೇ, ಈ ಹುಡುಗೀರ ಮುಂದೆ."

"ಕೇಳಿಬಿಡಮ್ಮ," ಎಂದರು ಉಗ್ರಪ್ಪನವರು. "ಒಂದು ಮಾತು. ಮುಗಿದುಹೋಗ್ತದೆ."

ಏಕನಾಥಮ್ಮ ನೆಲ ನೋಡಲಿಲ್ಲ. "ನಮ್ಮ ಹಿಂದೆ ಬಂದೋರಲ್ಲಿ ಯಾರಾದ್ರೂ ಹೆಜ್ಜೆ ತಪ್ಪಿದ್ರಾ ಸಾರ್?"

"ಪ್ರಶ್ನೆ ಅದಲ್ಲ."

"ಮತ್ಯಾವುದು?"

ಗೋವಿಂದಪ್ಪ ಬೆತ್ತವನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದರು. "ಜೂನ್‌ಗೆ ಸ್ಕೂಲು ತೆರೆದಾಗ ಈ ಕೆಲಸದಲ್ಲಿ ಅದ್ಹೆಂಗಿರ್ತೀರೋ ನಾನೂ ನೋಡ್ತೀನಿ," ಎಂದರು.

ಅದು ಬರೀ ಬೆದರಿಕೆಯಲ್ಲ, ನಡೆಯುವ ಮಾತು ಎಂದು ಅವಳಿಗೆ ಗೊತ್ತಿತ್ತು. ಅಪ್ಪನಿಗೆ ಏನು ಹೇಳುವುದು ಎಂಬ ಯೋಚನೆಯೂ ಬಂದುಹೋಯಿತು. ಆದರೆ ಬೇವಿನ ಮರದ ಕೆಳಗೆ ಸಿಕ್ಕಿದ ದನಿ ಮಾತ್ರ ಹಾಗೆಯೇ ಉಳಿದಿತ್ತು.

"ಜೂನು ಇನ್ನೂ ದೂರ ಐತೆ ಸಾರ್. ಅಲ್ಲಿಗಂಟ ದಿನಾ ಸಂಜೆ ಪ್ರಾಕ್ಟೀಸು ಐತೆ."

"ಆಮೇಲೆ ಏನ್ ಮಾಡ್ತೀಯಮ್ಮ?" ಉಗ್ರಪ್ಪನವರ ದನಿಯಲ್ಲಿ ಗದರಿಕೆ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು.

"ಹೊಸದುರ್ಗದಾಗೆ ಕೇಳ್ತೀನಿ. ಇಲ್ಲಾ ಅಂದ್ರೆ ಹೊಳಲ್ಕೆರೆ. ಅಲ್ಲೂ ಹುಡುಗೀರು ಅವರೆ, ಅವರಿಗೂ ಎರಡೆರಡು ಕೈ ಅವೆ."

ಕ್ಷಮೆಯನ್ನು ಅವಳು ಕೇಳಲಿಲ್ಲ. ಗೋವಿಂದಪ್ಪ ಕಾದು ನೋಡಿ, ಕಡೆಗೆ ಹೊರಟುಹೋದರು. ಉಗ್ರಪ್ಪನವರು ಅವರ ಹಿಂದೆ ನಾಲ್ಕು ಹೆಜ್ಜೆ ಹೋಗಿ, ನಿಂತು, ಅತ್ತಲೂ ಹೋಗದೆ ಇತ್ತಲೂ ಬರದೆ ಕೈಯಲ್ಲಿದ್ದ ಲಾಡು ತಿನ್ನತೊಡಗಿದರು.

ಬಸ್‌ಸ್ಟ್ಯಾಂಡಿಗೆ ಹೋಗುವಾಗ ವಾದ್ಯಗಳನ್ನು ಬಟ್ಟೆ ಸುತ್ತಿ ಸುಮ್ಮನೆ ಒಯ್ಯಬೇಕೆಂದು ಅಪ್ಪಣೆಯಾಗಿತ್ತು. ಓಬಕ್ಕ ಬಟ್ಟೆ ಬಿಚ್ಚಿ ಹಾಸುತ್ತಿದ್ದಳು.

"ಅದನ್ನ ಮಡಚಿಡು," ಎಂದಳು ಏಕನಾಥಮ್ಮ. "ಬಾರಿಸ್ಕೊಂಡೇ ಹೋಗಾಣ."

"ರಸ್ತೆ ಮ್ಯಾಲಾ ಟೀಚರ್? ಪೊಲೀಸ್ರು?"

"ಅವರೂ ಕೇಳ್ಲಿ."

ಹಾಗೆ ದುರ್ಗದ ದೊಡ್ಡ ರಸ್ತೆಗೆ ಇಳಿದರು. ಅಂಗಡಿಗಳವರು ತಕ್ಕಡಿ ಬಿಟ್ಟು ಹೊರಗೆ ಬಂದರು. ಸೈಕಲ್ಲುಗಳು ನಿಂತವು. ಸರ್ಕಲ್ಲಿನ ಪೊಲೀಸಿನವನಿಗೆ ಇದು ಯಾವ ಮೆರವಣಿಗೆಯೋ, ಯಾರ ಅಪ್ಪಣೆಯೋ ಒಂದೂ ತಿಳಿಯದೆ, ಯಾವುದಕ್ಕೂ ಇರಲಿ ಎಂದು ಕೈ ಅಡ್ಡ ಹಿಡಿದು ಎದುರಿನ ಲಾರಿಯನ್ನು ನಿಲ್ಲಿಸಿದ. ಲಾರಿಯ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಎಲ್ಲಿಗ್ರಮ್ಮ ಮೆರವಣಿಗೆ?"

"ಹಿರಿಯೂರಿಗೆ!" ಎಂದು ಕೂಗಿದಳು ಕೆಂಚಕ್ಕ, ಕೈ ನಿಲ್ಲಿಸದೆ.

ಏಕನಾಥಮ್ಮ ರಸ್ತೆಯ ನಟ್ಟನಡುವೆ ನಡೆಯುತ್ತಿದ್ದಳು. ತಿರುಗಿ ನೋಡದೆಯೇ ಎರಡೂ ಕೈ ಮೇಲೆತ್ತಿ, ಇನ್ನೂ ಜೋರಾಗಿ ಎಂದು ಸನ್ನೆ ಮಾಡಿದಳು.